ಅಜ್ಜನ ಕಿಟಕಿಯಲ್ಲಿ ನೀಲಿ ಇರಲಿಲ್ಲ

ನಿಮ್ಮ ಮನೆಯಲ್ಲಿ ಹೀಗೆ ಆದದ್ದುಂಟಾ? ಊಟಕ್ಕೆ ಕುಳಿತವರಿಗಿಂತ ಒಂದು ಎಲೆ ಹೆಚ್ಚು ಹಾಕಿ, ಅದಕ್ಕೂ ಬಡಿಸಿ, ಆ ಎಲೆಯ ಮುಂದೆ ಯಾರೂ ಕೂರದೆ ಇದ್ದದ್ದು? ಸತ್ತವರಿಗೆ ಬಡಿಸುವ ಮಾತಲ್ಲ ನಾನು ಹೇಳುತ್ತಿರುವುದು. ಅದು ನಮ್ಮ ಕಡೆ ಆಟಿ ತಿಂಗಳಲ್ಲಿ ಎಷ್ಟೋ ಮನೆಗಳಲ್ಲಿ ಉಂಟು. ಸತ್ತಿದ್ದಾರೋ ಇಲ್ಲವೋ ಎಂದು ಮನೆಯೊಳಗೇ ತೀರ್ಮಾನ ಆಗದ ಒಬ್ಬರಿಗೆ ಬಡಿಸಿದ್ದುಂಟಾ ಎಂದು ನಾನು ಕೇಳುವುದು. ನಮ್ಮ ಮನೆಯಲ್ಲಿ ಬಡಿಸುತ್ತಿದ್ದರು. ವರ್ಷಕ್ಕೊಂದು ಸಲ, ಹೊಸ ತೆನೆಯ ಮೊಂತಿ ಹಬ್ಬದ ದಿನ, ನಮ್ಮ ಅಜ್ಜನಿಗೆ. ಯುದ್ಧಕ್ಕೆ ಹೋದ ಅಜ್ಜ ತಿರುಗಿ ಬಂದಿರಲಿಲ್ಲ. ನಮ್ಮ ಇಗರ್ಜಿಯ, ಎಂದರೆ ಚರ್ಚಿನ, ಗೋಡೆಯಲ್ಲಿ ಅವರ ಹೆಸರಿನ ಕಿಟಕಿ ಇತ್ತು, ಸತ್ತವರೆಂದು. ನಮ್ಮ ಮನೆಯ ನೆಲದ ಮೇಲೆ ಅವರ ಹೆಸರಿನ ಬಾಳೆಲೆ ಇತ್ತು, ಬದುಕಿದವರೆಂದು. ಇಗರ್ಜಿಗೂ ಮನೆಗೂ ನಡುವೆ ಒಂದೇ ಒಂದು ಗದ್ದೆ. ಅತ್ತ ದಾಟಿದರೆ ಅಜ್ಜ ಸತ್ತವರು, ಇತ್ತ ದಾಟಿದರೆ ಬದುಕಿದವರು. ನಾನು ಬೆಳೆದದ್ದು ಈ ಎರಡರ ಮಧ್ಯೆ, ಮತ್ತು ಸತ್ಯ ಹೇಳಬೇಕೆಂದರೆ, ಬಹಳ ಚೆನ್ನಾಗಿಯೇ ಬೆಳೆದೆ.

ನಮ್ಮದು ಹಿಟ್ಟಿನ ಮಿಲ್ಲಿನ ಮನೆ. ಬೆಳ್ತಂಗಡಿಯಿಂದ ಕಕ್ಕಿಂಜೆ ಕಡೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು, ಎಡಕ್ಕೆ ಒಂದು ಮಣ್ಣಿನ ರಸ್ತೆ ಹಿಡಿದರೆ ಮೊದಲು ಶಬ್ದ ಸಿಗುತ್ತಿತ್ತು, ಆಮೇಲೆ ಮನೆ. ಮನೆಗೆ ಮಿಲ್ಲು ಅಂಟಿಕೊಂಡಿತ್ತೋ, ಮಿಲ್ಲಿಗೆ ಮನೆ ಅಂಟಿಕೊಂಡಿತ್ತೋ ಹೇಳುವುದು ಕಷ್ಟ. ನಡುವೆ ಇದ್ದದ್ದು ಒಂದು ಬಾಗಿಲು, ಅದನ್ನು ಯಾರೂ ಹಾಕುತ್ತಿರಲಿಲ್ಲ. ಹಾಗಾಗಿ ನಮ್ಮ ಮನೆಯ ಪ್ರತಿಯೊಂದು ವಸ್ತುವಿನ ಮೇಲೂ ಒಂದು ಪದರ ಹಿಟ್ಟು. ದೇವರ ಪೀಠದ ಮೇಲಿನ ಯೇಸುವಿನ ಹುಬ್ಬು ಬೆಳ್ಳಗೆ, ಮಮ್ಮಿಯ ಹುಬ್ಬೂ ಬೆಳ್ಳಗೆ, ನಮ್ಮ ಬೆಕ್ಕಿನ ನಿಜವಾದ ಬಣ್ಣ ಯಾವುದೆಂದು ನಮಗೆ ಮಳೆಗಾಲದಲ್ಲಿ ಮಾತ್ರ ಗೊತ್ತಾಗುತ್ತಿತ್ತು. ಮೆಣಸು ಪುಡಿ ಮಾಡುವ ದಿನ ನಾನೂ ತಮ್ಮನೂ ಇಗರ್ಜಿಯ ಜಗಲಿಗೆ ಓಡಿಹೋಗಿ ಸೀನುತ್ತ ಕೂರುತ್ತಿದ್ದೆವು. ಮತ್ತೊಂದು ಸಂಗತಿ, ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ಮಿಲ್ಲಿನ ಸದ್ದಿನ ಮೇಲೆ ಮಾತನಾಡಿ ಮಾತನಾಡಿ ನಮ್ಮ ಮನೆಯವರೆಲ್ಲರ ಗಂಟಲೂ ಜೋರು. ಮಿಲ್ಲು ನಿಂತರೂ ಗಂಟಲು ಇಳಿಯುತ್ತಿರಲಿಲ್ಲ. ನಮ್ಮಲ್ಲಿ ಗುಟ್ಟಿನ ಮಾತು ಎಂಬುದೇ ಇರಲಿಲ್ಲ, ಗುಟ್ಟು ಗದ್ದೆಯಾಚೆಗೆ ಕೇಳಿಸುತ್ತಿತ್ತು. ಮನೆಯೊಳಗಿನ ಮಾತು ಕೊಂಕಣಿ, ಮಿಲ್ಲಿಗೆ ಬಂದವರೊಡನೆ ತುಳು, ಶಾಲೆಯಲ್ಲಿ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಬೈಗುಳಕ್ಕೆ ಮಾತ್ರ ಕನ್ನಡ ಸಾಲುವುದಿಲ್ಲ, ಅದನ್ನು ನೀವೇ ಊಹಿಸಿಕೊಳ್ಳಿ.

ಮನೆಯ ಯಜಮಾನಿ ನನ್ನ ಅಜ್ಜಿ, ಪಪ್ಪನ ತಾಯಿ. ಅವರನ್ನು ನಾವೆಲ್ಲ ಮಾಯ್ ಎನ್ನುತ್ತಿದ್ದೆವು. ಗಿಡ್ಡ, ದಪ್ಪ, ಯಾವಾಗಲೂ ಬಣ್ಣದ ಸೀರೆ, ಕೊರಳಲ್ಲಿ ಕರಿಮಣಿ. ಕರಿಮಣಿಯ ಬಗ್ಗೆ ಊರಿನಲ್ಲಿ ಮಾತಿತ್ತು. ನಮ್ಮ ಕ್ರಿಸ್ತಾಂವರಲ್ಲಿ ಗಂಡ ಸತ್ತ ಮೇಲೆ ಹೆಂಗಸರು ಕರಿಮಣಿ ತೆಗೆಯುವುದು ಕ್ರಮ. ಮಾಯ್ ತೆಗೆದಿರಲಿಲ್ಲ. ಕೇಳಿದವರಿಗೆ ಅವರು ಕೊಡುತ್ತಿದ್ದ ಉತ್ತರ ಒಂದೇ.

"ಹೋದವರು ಬರ್ತೇನೆ ಅಂತ ಹೇಳಿ ಹೋಗಿದ್ದಾರೆ. ಬರುವುದಿಲ್ಲ ಅಂತ ಅವರು ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ನಿಮಗೆ ಎಂತ ಅವಸರ?"

ಅಜ್ಜನ ಹೆಸರು ಇಜಿದೋರ್. ಪಟಾಲಮ್ಮಿನಲ್ಲಿ ಅಡುಗೆಯವರಾಗಿ ಬರ್ಮಾ ಕಡೆ ಹೋದವರು. ಕೋವಿ ಹಿಡಿದವರಲ್ಲ, ಸೌಟು ಹಿಡಿದವರು. ಅವರು ಹೋಗುವಾಗ ಪಪ್ಪ ಇನ್ನೂ ತೊಟ್ಟಿಲಲ್ಲಿ. ನಮ್ಮ ಇಗರ್ಜಿಯಿಂದ ಹಾಗೆ ಹೋದವರಲ್ಲಿ ಮೂವರು ಬರಲಿಲ್ಲ. ಇಬ್ಬರು ಸತ್ತರೆಂದು ಖಚಿತ ಸುದ್ದಿ ಬಂತು, ಅಜ್ಜ ಪತ್ತೆಯಿಲ್ಲ ಎಂದಷ್ಟೇ ಬಂತು. ಯುದ್ಧ ಮುಗಿದ ಮೇಲೆ ಆಗಿನ ಪಾದ್ರಿಗಳು ಒಂದು ಸಲಹೆ ಕೊಟ್ಟರಂತೆ. ನಮ್ಮ ಇಗರ್ಜಿ ಆಗ ಕತ್ತಲೆಯ ಗೂಡು, ಗೋಡೆಯಲ್ಲಿ ಸಣ್ಣ ಸಣ್ಣ ಮರದ ಬಾಗಿಲಿನ ಕಿಂಡಿಗಳು. ನೆನಪಿಗೆ ಕಲ್ಲು ನೆಟ್ಟು ಪ್ರಯೋಜನವೇನು, ಬೆಳಗಿನ ಬಿಸಿಲು ಬೀಳುವ ಗೋಡೆಯನ್ನು ಒಡೆದು ಮೂರು ದೊಡ್ಡ ಕಿಟಕಿ ಇಡುವ, ಬಣ್ಣದ ಗಾಜು ಹಾಕಿಸುವ, ಒಬ್ಬೊಬ್ಬರ ಹೆಸರಿಗೆ ಒಂದೊಂದು ಎಂದು. ಚೌಕಟ್ಟು ಹಲಸಿನ ಮರದ್ದು, ಮೂಡುಬಿದಿರೆಯಲ್ಲಿ ಮಾಡಿಸಿದ್ದು. ಗಾಜು ಮಂಗಳೂರಿನಿಂದ ಬಂಟ್ವಾಳದವರೆಗೆ ದೋಣಿಯಲ್ಲಿ ಬಂತು, ಬಸ್ಸಿನಲ್ಲಿ ತಂದರೆ ಪುಡಿಯಾದೀತೆಂದು. ಬಂಟ್ವಾಳದಿಂದ ಎತ್ತಿನ ಗಾಡಿ, ಪೆಟ್ಟಿಗೆಗಳಿಗೆ ಬೈಹುಲ್ಲಿನ ಹಾಸಿಗೆ. ಅಷ್ಟು ಜೋಪಾನ ಮಾಡಿದರೂ ಒಂದು ಏರಿನಲ್ಲಿ ಗಾಡಿ ಕುಲುಕಿ ನೀಲಿ ಗಾಜಿನ ಪೆಟ್ಟಿಗೆ ಕೆಳಗೆ ಬಿತ್ತು. ಉಳಿದ ನೀಲಿ ಎರಡು ಕಿಟಕಿಗೆ ಸಾಕಾಯಿತು. ಮೂರನೆಯದಕ್ಕೆ ಕೆಂಪು, ಹಳದಿ, ಹಸಿರು ಮಾತ್ರ. ಆ ಮೂರನೆಯದೇ ಅಜ್ಜನದು. ಅದರ ಕೆಳಗಿನ ಹಲಗೆಯಲ್ಲಿ ಅಜ್ಜನ ಹೆಸರು, ಅವರ ಆತ್ಮಕ್ಕೆ ಶಾಂತಿ ಸಿಗಲೆಂಬ ಮಾತು, ತಂದೆ ಕೊಟ್ಟ ಕಿಟಕಿ ಎಂಬ ಮಾತು. ತಂದೆ ಎಂದರೆ ಮಾಯ್‌ಯ ಮಾವ, ಮಗನನ್ನು ನೆನೆದು ಅತ್ತುಕೊಂಡೇ ಕೊಟ್ಟದ್ದು. ಹಲಗೆಯಲ್ಲಿ ಹೆಂಡತಿಯ ಮಾತು ಇರಲಿಲ್ಲ.

ಆಗ ನಮ್ಮ ಇಗರ್ಜಿಯಲ್ಲಿ ಬೆಂಚುಗಳು ಹಿಂದಿನ ಸಾಲಿಗೆ ಮಾತ್ರ. ಗಂಡಸರು ಒಂದು ಬದಿ, ಹೆಂಗಸರು ಮಕ್ಕಳು ಕಿಟಕಿಗಳಿರುವ ಬದಿ, ಚಾಪೆಯ ಮೇಲೆ. ಮಾಯ್ ತಮ್ಮದೇ ಚಾಪೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಹಿಡಿದು ಗದ್ದೆ ದಾಟುತ್ತಿದ್ದರು, ಬಿಡಿಸುತ್ತಿದ್ದದ್ದು ಅಜ್ಜನ ಕಿಟಕಿಯ ಕೆಳಗೇ. ಬೇರೆ ಯಾರಾದರೂ ಅಲ್ಲಿ ಕೂತರೆ ಮುಗಿಯಿತು ಅವರ ಕಥೆ. ಪ್ರೀತಿಯಿಂದ ಅಲ್ಲಿ ಕೂರುತ್ತಾರೆ ಎಂದು ಊರವರು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ಒಂದು ದಿನ ಕೇಳಿಯೇ ಬಿಟ್ಟೆ.

"ಮಾಯ್, ಇಲ್ಲಿ ಕೂತ್ರೆ ಅಜ್ಜನ ಹೆಸರು ಕಾಣುವುದೇ ಇಲ್ವಲ್ಲ?"

"ಅದಕ್ಕೇ ಇಲ್ಲಿ ಕೂರುವುದು ಬಾಯೆ. ಎದುರು ಕೂತ್ರೆ ಓದ್ಬೇಕಾಗ್ತದೆ."

ಆದರೆ ಅಲ್ಲಿ ಕುಳಿತು ಅವರು ಏನು ನೋಡುತ್ತಿದ್ದರೆಂದು ನಾನು ಆಮೇಲೆ ಕಂಡುಹಿಡಿದೆ. ಪೂಜೆ ಶುರುವಾಗುವಾಗ ಬಿಸಿಲು ತಗ್ಗಿನಲ್ಲಿರುತ್ತದೆ. ಕಿಟಕಿಯ ಬಣ್ಣ ನಮ್ಮ ತಲೆಗಳನ್ನು ದಾಟಿ ಆಚೆ ಗಂಡಸರ ಬದಿಗೆ ಬೀಳುತ್ತಿತ್ತು. ಒಬ್ಬರ ಬೋಳುತಲೆ ಕೆಂಪು, ಇನ್ನೊಬ್ಬರ ಷರ್ಟು ಹಸಿರು, ನಿದ್ದೆ ತೂಗುವವರ ಬಾಯೊಳಗೆ ಹಳದಿ. ನಾವು ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಬಿಸಿಲು ಏರಿದ ಹಾಗೆ ಬಣ್ಣ ನಿಧಾನಕ್ಕೆ ಗಂಡಸರನ್ನು ಬಿಟ್ಟು, ನಡುವಿನ ದಾರಿಗೆ ಇಳಿದು, ನಮ್ಮ ಕಡೆ ತೆವಳಿಕೊಂಡು ಬರುತ್ತಿತ್ತು. ದಿನದ ಪೂಜೆಯಾದರೆ ದಾರಿ ದಾಟುವುದರೊಳಗೆ ಪೂಜೆ ಮುಗಿದುಹೋಗುತ್ತಿತ್ತು. ಹಬ್ಬದ ಪೂಜೆ, ಅದರಲ್ಲೂ ಪ್ರಸಂಗ ಮಾಡುವ ಪಾದ್ರಿ ಮಾತಿನ ಮಲ್ಲನಾದರೆ, ಬಣ್ಣ ಮಾಯ್‌ಯ ಚಾಪೆಯ ಅಂಚಿಗೆ ಬಂದು ಮುಟ್ಟುತ್ತಿತ್ತು. ಹಾಗಾಗಿ ಇಡೀ ಊರಿನಲ್ಲಿ ಉದ್ದದ ಪ್ರಸಂಗವನ್ನು ಪ್ರೀತಿಸುತ್ತಿದ್ದವರು ಮಾಯ್ ಒಬ್ಬರೇ. ಎಲ್ಲರೂ ಆಕಳಿಸುವಾಗ ಅವರು ಮಾತ್ರ ನೆಟ್ಟಗೆ ಕೂತು ನೆಲ ನೋಡುತ್ತಿದ್ದರು. ಎಂತಹ ಭಕ್ತಿ ಎಂದು ಪಾದ್ರಿಗಳು ಅವರನ್ನು ಹೊಗಳುತ್ತಿದ್ದರು. ಪ್ರಸಂಗದ ಒಂದು ಶಬ್ದವನ್ನೂ ಮಾಯ್ ಕೇಳಿಸಿಕೊಂಡಿರಲಿಲ್ಲ ಎಂದು ನಾನು ಇವತ್ತು ಪ್ರಮಾಣ ಮಾಡಿ ಹೇಳಬಲ್ಲೆ.

ಮನೆಯಲ್ಲಿ ಜಗಳ ಆಗುತ್ತಿದ್ದದ್ದು ಸಂಜೆಯ ತೇರ್ಸಿಗೆ. ತೇರ್ಸು ಎಂದರೆ ಜಪಸರ, ದಿನಾ ಸಂಜೆ ಮಿಲ್ಲು ನಿಲ್ಲಿಸಿ ಎಲ್ಲರೂ ದೇವರ ಪೀಠದ ಎದುರು ಮೊಣಕಾಲೂರಿ ಹೇಳುವುದು. ಕೊನೆಗೆ ನಮ್ಮ ಮನೆಯಲ್ಲಿ ಎರಡು ಪ್ರಾರ್ಥನೆ. ಒಂದು ಪ್ರಯಾಣದಲ್ಲಿ ಇರುವವರಿಗೆ, ಇನ್ನೊಂದು ಸತ್ತವರಿಗೆ. ಪ್ರಯಾಣದವರ ಪಟ್ಟಿಯಲ್ಲಿ ಮೊದಲ ಹೆಸರು ಇಜಿದೋರ್, ಎರಡನೆಯದು ಕುವೈತಿನಲ್ಲಿದ್ದ ನಮ್ಮ ಸೋದರಮಾವ. ಸತ್ತವರ ಪ್ರಾರ್ಥನೆ ಬಂದಾಗ ಪಪ್ಪ ಸುಮ್ಮನಾಗಿಬಿಡುತ್ತಿದ್ದರು. ಪಪ್ಪನಿಗೆ ಬೇಕಾದದ್ದು ದೊಡ್ಡದೇನಲ್ಲ. ನವೆಂಬರಿನಲ್ಲಿ ಸತ್ತವರ ಹಬ್ಬ ಬರುತ್ತದೆ. ಆ ದಿನ ಊರಿನ ಎಲ್ಲರೂ ತಮ್ಮ ತಮ್ಮವರ ಸಮಾಧಿ ಒರೆಸಿ, ಹೂ ಇಟ್ಟು, ಮೇಣದ ಬತ್ತಿ ಹಚ್ಚುತ್ತಾರೆ. ಪಪ್ಪನೂ ಬತ್ತಿ ತೆಗೆದುಕೊಂಡು ಹೋಗುತ್ತಿದ್ದರು. ಅವರ ಅಜ್ಜ ಅಜ್ಜಿಯ ಸಮಾಧಿಗೆ ಹಚ್ಚಿ, ಒಂದು ಬತ್ತಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಹಿಂತಿರುಗುತ್ತಿದ್ದರು. ಮುಖವೇ ನೆನಪಿಲ್ಲದ ಅಪ್ಪನಿಗೆ ಒಂದು ಬತ್ತಿ ಹಚ್ಚಬೇಕು, ಸಮಾಧಿ ಇಲ್ಲದಿದ್ದರೆ ಆ ಕಿಟಕಿಯ ದಂಡೆಯಲ್ಲಾದರೂ ಹಚ್ಚಬೇಕು ಎಂಬುದು ಅವರ ಆಸೆ.

"ಅಮ್ಮ, ಒಂದು ಬತ್ತಿ. ಅಷ್ಟೇ. ಯಾರಿಗೂ ನಷ್ಟ ಇಲ್ಲ."

"ಬದುಕಿದವರಿಗೆ ಬತ್ತಿ ಹಚ್ಚುತ್ತೀಯಾ? ನಿನಗೆ ನಾನು ಹಾಲು ಕುಡಿಸಿದ್ದು ಹೆಚ್ಚಾಯ್ತು."

"ಊರೆಲ್ಲ ಸತ್ರು ಅಂತ ಹೇಳ್ತದೆ. ಇಗರ್ಜಿಯ ಗೋಡೆಯೇ ಹೇಳ್ತದೆ."

"ಗೋಡೆ ಅವರ ಹೆಂಡ್ತಿಯಾ?"

ಮಮ್ಮಿ ನಡುವೆ ಬಂದು, ಇಬ್ಬರೂ ಮೊದಲು ಗಂಜಿ ಉಣ್ಣಿ, ಜಗಳ ಆರುವುದಿಲ್ಲ, ಗಂಜಿ ಆರುತ್ತದೆ ಎನ್ನುತ್ತಿದ್ದರು. ಗಂಜಿಯ ಜೊತೆ ಒಣಮೀನಿನ ಚಟ್ನಿ ಇದ್ದರೆ ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲದಿದ್ದರೆ ಮುಂದುವರಿಯುತ್ತಿತ್ತು.

ಮೊಂತಿ ಹಬ್ಬದ ದಿನ ಮಾತ್ರ ಜಗಳ ಇಲ್ಲ. ಸೆಪ್ಟೆಂಬರಿನ ಆ ಹಬ್ಬಕ್ಕೆ ಮಕ್ಕಳೆಲ್ಲ ಬುಟ್ಟಿಯಲ್ಲಿ ಹೂ ತಂದು ಪುಟ್ಟ ಮರಿಯಮ್ಮನಿಗೆ ಎರಚುವುದು, ಪೂಜೆ ಆದ ಮೇಲೆ ಕಬ್ಬು ಸಿಗುವುದು, ಪಾದ್ರಿ ಆಶೀರ್ವದಿಸಿದ ಭತ್ತದ ತೆನೆ ಮನೆಗೊಂದರಂತೆ ಬರುವುದು. ಆ ತೆನೆಯ ಅಕ್ಕಿಯನ್ನು ನಮ್ಮ ಮಿಲ್ಲಿಗೆ ಹಾಕುವ ಹಾಗಿಲ್ಲ, ಕೈಯಲ್ಲೇ ಕುಟ್ಟಬೇಕು. ತೆಂಗಿನಹಾಲು ಬೆಲ್ಲ ಸೇರಿಸಿ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಪಾಲು. ದೂರ ಇರುವವರಿಗೆ ನಾಲ್ಕು ಕಾಳು ಕಾಗದದಲ್ಲಿ ಮಡಚಿ ಅಂಚೆಗೆ ಹಾಕುವುದು. ಕುವೈತಿನ ಮಾವನಿಗೆ ಹಾಗೆ ಹೋಗುತ್ತಿತ್ತು. ಅಜ್ಜನಿಗೆ ಕಳಿಸಲು ವಿಳಾಸ ಇಲ್ಲವಲ್ಲ, ಅದಕ್ಕೇ ಎಲೆ. ಕಂಚಿನ ಬಟ್ಟಲಿನಲ್ಲಿ ಅವರ ಪಾಲು, ಸುತ್ತ ಹಬ್ಬದ ಪಲ್ಯಗಳು, ಕೆಸುವಿನ ದಂಟಿನ ಸಾರು. ನಮ್ಮ ಊಟ ಮುಗಿಯುವವರೆಗೂ ಆ ಎಲೆಗೆ ಯಾರೂ ಕೈ ಹಾಕುವ ಹಾಗಿಲ್ಲ. ಆಮೇಲೆ ಅದು ಕೋಳಿಗಳಿಗೆ. ಒಂದು ವರ್ಷ ನೆರೆಮನೆಯ ಕಮಲಕ್ಕ ಅದೇ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತು ನೋಡಿದರು. ತುಳುವಿನಲ್ಲೇ ಕೇಳಿದರು.

"ಮಾರಾಯ್ತಿ, ನಮ್ಮಲ್ಲಿ ಸತ್ತವರಿಗೆ ಬಡಿಸಿದ್ರೆ ಬಾಗಿಲು ಹಾಕಿ ಹೊರಗೆ ಬರ್ತೇವೆ. ನೀವು ಜೊತೆಗೇ ಕೂತು ಉಣ್ತೀರಿ. ಇದು ಸತ್ತವರಿಗಾ ಬದುಕಿದವರಿಗಾ?"

"ತಡ ಆದವರಿಗೆ," ಎಂದರು ಮಾಯ್.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಹೊಸ ವಿಗಾರ್, ಎಂದರೆ ಇಗರ್ಜಿಯ ಮುಖ್ಯ ಪಾದ್ರಿ, ಬಂದರು. ಎಳೆಯ ಪ್ರಾಯ, ಮೋಟರ್‌ಸೈಕಲ್ಲು, ಬಿಳಿ ನಿಲುವಂಗಿಗೆ ಯಾವಾಗಲೂ ರಸ್ತೆಯ ಕೆಂಪು ಧೂಳು. ಅವರ ಪ್ರಸಂಗ ಎಷ್ಟು ಗಿಡ್ಡವೆಂದರೆ ಗಂಡಸರು ಬೀಡಿಗೆ ಹೊರಗೆ ಹೋಗಿ ಬರುವುದರೊಳಗೆ ಮುಗಿದಿರುತ್ತಿತ್ತು. ಊರಿಗೆ ಊರೇ ಖುಷಿ. ಮಾಯ್ ಮಾತ್ರ ಕೆಂಡ.

"ಇವರಿಗೆ ಎಂತ, ದೇವರ ವಿಷಯ ಅಷ್ಟೇ ಗೊತ್ತಿರುವುದಾ? ಬಣ್ಣ ನಡು ದಾರಿಗೂ ಬರ್ಲಿಲ್ಲ," ಎಂದು ಚಾಪೆ ಸುತ್ತುತ್ತ ಹೇಳಿದರು. ಅರ್ಥ ಆದದ್ದು ನನಗೊಬ್ಬಳಿಗೇ.

ಆ ನವೆಂಬರಿನ ಸತ್ತವರ ಹಬ್ಬದಲ್ಲಿ ಆದದ್ದೇ ನಾನು ಹೇಳಹೊರಟ ಕಥೆ. ಹಿಂದಿನ ಪಾದ್ರಿಗಳಿಗೆಲ್ಲ ಮಾಯ್‌ಯ ವಿಷಯ ಗೊತ್ತಿತ್ತು, ಅಜ್ಜನ ಹೆಸರು ಓದುತ್ತಿರಲಿಲ್ಲ. ಹೊಸಬರಿಗೆ ಯಾರೂ ಹೇಳಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಅವರು ಸತ್ತವರ ಹೆಸರು ಓದಿ ಮುಗಿಸಿ, ಯುದ್ಧದಲ್ಲಿ ಮಡಿದ ನಮ್ಮ ಮೂವರನ್ನೂ ನೆನೆಯುವ ಎಂದು ಕಿಟಕಿಗಳ ಕಡೆ ಕೈ ತೋರಿಸಿ ಒಂದೊಂದೇ ಹೆಸರು ಹೇಳಿದರು. ಮೂರನೆಯ ಹೆಸರು ಬರುವಾಗ ನನ್ನ ಪಕ್ಕದ ಚಾಪೆ ಸರಿದ ಸದ್ದಾಯಿತು. ಮಾಯ್ ಎದ್ದು ನಿಂತಿದ್ದರು. ನಾನು ಮೊದಲೇ ಹೇಳಿದೆನಲ್ಲ, ಮಿಲ್ಲಿನ ಗಂಟಲು.

"ಫಾದರ್, ಆ ಹೆಸರು ವಾಪಸು ತೆಗೀರಿ! ಅವರು ಸತ್ತದ್ದು ನಾನು ಹೇಳ್ಲಿಲ್ಲ!"

ಇಡೀ ಇಗರ್ಜಿ ತಿರುಗಿ ನೋಡಿತು. ಒಂದು ಮಗು ಅಳುವುದಕ್ಕೆ ಶುರು ಮಾಡಿತು. ಫಾದರ್ ಪುಟ ತಿರುವಿದರು. ಆಚೆ ಬದಿಯಲ್ಲಿ ಪಪ್ಪ ತಲೆ ತಗ್ಗಿಸಿದ್ದರು. ಅಪ್ಪನ ಹೆಸರನ್ನು ಮೊದಲ ಸಲ ಪೂಜೆಯಲ್ಲಿ ಕೇಳಿದ ಖುಷಿಗೋ, ಅಮ್ಮ ಎದ್ದು ಕೂಗಿದ ನಾಚಿಕೆಗೋ ನನಗೆ ಗೊತ್ತಾಗಲಿಲ್ಲ. ಆ ದಿನ ಗದ್ದೆ ದಾಟುವಾಗ ಅವರಿಬ್ಬರೂ ಬೇರೆ ಬೇರೆ ಬದುವಿನಲ್ಲಿ ನಡೆದರು. ಮನೆಯಲ್ಲಿ ಮಿಲ್ಲು ನಿಂತಿದ್ದರೂ ಮಿಲ್ಲಿನ ಸದ್ದಾಯಿತು.

"ನನಗೊಬ್ಬ ಅಪ್ಪ ಬೇಡ್ವಾ ಅಮ್ಮ? ಸತ್ತವರಾದ್ರೂ ಆಗ್ಲಿ, ಒಬ್ಬ ಅಪ್ಪ! ನೀನು ಸಾಯ್ಲಿಕ್ಕೂ ಬಿಡುವುದಿಲ್ಲ, ಬರ್ಲಿಕ್ಕೆ ಅವರಿಗೆ ಆಗುವುದೂ ಇಲ್ಲ."

ಮಾಯ್ ಅಡುಗೆಮನೆಗೆ ಹೋಗಿ ತೆಂಗಿನಕಾಯಿ ತುರಿಯುತ್ತ ಕೂತರು. ತುರಿದದ್ದು ಯಾವುದಕ್ಕೂ ಬೇಕಾಗಿರಲಿಲ್ಲ. ಮಮ್ಮಿ ಸುಮ್ಮನೆ ಅದನ್ನು ತೆಗೆದುಕೊಂಡು ಸಂಜೆಗೆ ಸಿಹಿ ಅವಲಕ್ಕಿ ಮಾಡಿದರು.

ಆ ವಾರ ಫಾದರ್ ಮೋಟರ್‌ಸೈಕಲ್ಲಿನಲ್ಲಿ ಮಿಲ್ಲಿಗೆ ಬಂದರು. ಗೋಧಿ ಹಿಟ್ಟು ಮಾಡಿಸುವ ನೆಪಕ್ಕೆ ಕೈಯಲ್ಲಿ ಒಂದು ಸಣ್ಣ ಚೀಲ. ಪಪ್ಪ ಬೆಲ್ಟು ಕಳಚಿ ಮಿಲ್ಲು ನಿಲ್ಲಿಸಿದರು. ಮಾಯ್ ಸ್ಟೂಲು ಒರೆಸಿ ಕೊಟ್ಟರು, ಅದರ ಮೇಲೆ ಮತ್ತೆ ಹಿಟ್ಟು ಕೂತಿತು, ಅದರ ಮೇಲೆ ಫಾದರ್ ಕೂತರು.

"ಅಮ್ಮ, ತಪ್ಪಾಯ್ತು. ನನಗೆ ಗೊತ್ತಿರ್ಲಿಲ್ಲ. ಅವರು ಬದುಕಿದ್ದಾರೆ ಅಂತ ನೀವು ನಂಬಿದ್ದೀರಿ ಅಂತ..."

"ಯಾರು ಹೇಳಿದ್ದು ನಿಮಗೆ? ನನಗೆ ಎಂತ ತಲೆ ಸರಿ ಇಲ್ವಾ? ಬದುಕಿದ್ರೆ ಇಷ್ಟು ಹೊತ್ತಿಗೆ ಬಂದು, ಸಾರಿಗೆ ಉಪ್ಪು ಕಡಿಮೆ ಅಂತ ನನಗೆ ಬೈತಿದ್ರು. ಸತ್ತಿದ್ದಾರೆ. ನನಗೆ ಎಂದೋ ಗೊತ್ತುಂಟು."

ಪಪ್ಪ ಕೈಯಲ್ಲಿ ಹಿಡಿದ ಬೆಲ್ಟನ್ನು ಹಾಗೇ ಕೆಳಗೆ ಬಿಟ್ಟರು.

"ಹಾಗಾದ್ರೆ ಮತ್ತೆ?" ಎಂದರು ಫಾದರ್.

"ಗೊತ್ತಿರುವುದು ಬೇರೆ, ಹೇಳುವುದು ಬೇರೆ. ಹೇಳುವ ಕೆಲಸ ಯಾರದ್ದು? ನನ್ನದು. ಆ ಕಾಲದ ಪಾದ್ರಿ, ನನ್ನ ಮಾವ, ಊರಿನ ನಾಲ್ಕು ಗಂಡಸರು ಜಗಲಿಯಲ್ಲಿ ಕೂತು ಮಾತಾಡಿ ಅವರನ್ನು ಸಾಯಿಸಿದ್ರು. ನಾನು ಒಳಗೆ ಅವರಿಗೆಲ್ಲ ಚಾ ಮಾಡ್ತಾ ಇದ್ದೆ. ನನ್ನನ್ನು ಒಬ್ಬರೂ ಕೇಳ್ಲಿಲ್ಲ. ಮಾವ ಒಳ್ಳೆಯವರೇ, ಆದ್ರೆ ಕೇಳ್ಲಿಲ್ಲ. ಕೇಳಿದ್ರೆ ನಾನು, ಇವರಿಗೆ ನೀಲಿ ಅಂದ್ರೆ ಪ್ರಾಣ, ಬೇರೆ ಯಾವುದು ಇಲ್ಲದಿದ್ರೂ ನೀಲಿ ಹಾಕಿಸಿ ಅಂತಿದ್ದೆ. ಮದುವೆಗೆ ನೀಲಿ ಕೋಟೇ ಬೇಕು ಅಂತ ಹಟ ಹಿಡಿದ ಜನ ಅವರು. ಅವರ ಹೆಸರಿಗೆ ನೀಲಿ ಇಲ್ಲದ ಕಿಟಕಿ! ಅದನ್ನು ನೋಡಿ ಇವರೇ ಅಂತ ನಾನು ಹೇಗೆ ಒಪ್ಪುವುದು?"

ಫಾದರ್ ತಮ್ಮ ಕೈಯ ಹಿಟ್ಟನ್ನು ಕೊಡವಿಕೊಂಡರು.

"ಸರಿ ಅಮ್ಮ. ಆಗ ಅವರು ಕೇಳ್ಲಿಲ್ಲ. ಈಗ ನಾನು ಕೇಳ್ತೇನೆ. ಇಜಿದೋರರನ್ನು ಸತ್ತವರ ಜೊತೆ ನೆನೆಯಬಹುದಾ?"

"ಯೋಚನೆ ಮಾಡಿ ಹೇಳ್ತೇನೆ. ಮತ್ತೆ ಫಾದರ್, ನಿಮ್ಮ ಪ್ರಸಂಗ ತೀರಾ ಗಿಡ್ಡ."

"ಗಿಡ್ಡವಾ? ಎಲ್ಲರೂ ಚೆನ್ನಾಗುಂಟು ಅಂತಾರಲ್ಲ?"

ನನ್ನ ಬಾಯಿ ಆಗಲೂ ಹೀಗೇ, ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ. "ಉದ್ದ ಆದ್ರೆ ಅಜ್ಜನ ಬಣ್ಣ ಮಾಯ್‌ಯ ಚಾಪೆವರೆಗೆ ಬರ್ತದೆ ಫಾದರ್," ಎಂದುಬಿಟ್ಟೆ. ಮಾಯ್ ನನ್ನನ್ನು ನೋಡಿದ ನೋಟಕ್ಕೆ ಮೆಣಸಿನ ಪುಡಿಯೂ ಸೀನಬೇಕು. ಫಾದರ್ ಮಾತ್ರ ನಗಲಿಲ್ಲ. ಗೋಧಿಯ ಚೀಲವನ್ನು ಮರೆತು ಹಾಗೇ ಹೊರಟುಹೋದರು.

ಮಾಯ್ ಯೋಚನೆ ಮಾಡುವುದಕ್ಕೆ ಇಡೀ ಬೇಸಿಗೆ ತೆಗೆದುಕೊಂಡರು. ಯಾರೂ ಅವಸರ ಮಾಡಲಿಲ್ಲ, ಪಪ್ಪ ಕೂಡ ಮಾಡಲಿಲ್ಲ. ಅದಕ್ಕೆ ಬದಲು ಅವರಿಬ್ಬರ ನಡುವೆ ಒಂದು ಹೊಸ ಮಾತು ಶುರುವಾಯಿತು. ಅಪ್ಪನಿಗೆ ಬೇರೆ ಏನು ಇಷ್ಟ ಇತ್ತು, ನಗುವಾಗ ಹೇಗಿದ್ದರು, ಮೀನು ಹುರಿದರೆ ತಲೆ ಯಾರಿಗೆ ಕೊಡುತ್ತಿದ್ದರು ಎಂದು ಪಪ್ಪ ಕೇಳುವುದು, ಮಾಯ್ ಹಿಟ್ಟು ಜರಡಿ ಹಿಡಿಯುತ್ತ ಹೇಳುವುದು. ಅದುವರೆಗೆ ಅಜ್ಜ ಸತ್ತಿದ್ದಾರಾ ಇಲ್ಲವಾ ಎಂಬ ಜಗಳ ಬಿಟ್ಟು ಅವರ ಬಗ್ಗೆ ನಮ್ಮ ಮನೆಯಲ್ಲಿ ಮಾತೇ ಇರಲಿಲ್ಲ. ಮಳೆ ಹಿಡಿಯುವ ಮೊದಲು ಒಂದು ಬೆಳಿಗ್ಗೆ ಗಂಜಿಯ ಮುಂದೆ ಮಾಯ್ ತೀರ್ಪು ಕೊಟ್ಟರು.

"ಒಂದು ನೀಲಿ ಗಾಜು ಹಾಕಿಸು. ಆಮೇಲೆ ನೋಡುವ."

ಪಪ್ಪ ಮಿಲ್ಲಿಗೆ ರಜೆ ಕೊಟ್ಟು ಬೆಳ್ತಂಗಡಿ ತಿರುಗಿದರು, ಬಂಟ್ವಾಳ ತಿರುಗಿದರು, ಕೊನೆಗೆ ಮೂಡುಬಿದಿರೆಯಲ್ಲಿ ಒಂದು ಹಳೆಯ ಮನೆ ಕೆಡವಿದ ಸಾಮಾನಿನಲ್ಲಿ ಸಿಕ್ಕಿತು. ಟೂವಾಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಫಾದರ್ ಏಣಿ ಹಿಡಿದರು, ಪಪ್ಪ ಹತ್ತಿ ಕಿಟಕಿಯ ನಡುವಿನ ಒಂದು ಹಳದಿ ಚೌಕ ತೆಗೆದು, ಅಲ್ಲಿ ನೀಲಿ ಕೂರಿಸಿ, ಬೆರಳಿನಿಂದಲೇ ಮೇಣ ಒತ್ತಿದರು. ಅಪ್ಪನಿಗಾಗಿ ಅವರು ಕೈಯಾರೆ ಮಾಡಿದ ಮೊದಲ ಕೆಲಸ ಅದು. ಇಳಿದು ಬರುವಾಗ ಮುಖದಲ್ಲಿ ಹಿಟ್ಟು ಇರಲಿಲ್ಲ. ಹಾಗಾಗಿ ಅತ್ತದ್ದು ಕಾಣಿಸಿತು. ಮಾಯ್ ನೋಡುವುದಕ್ಕೆ ಬರಲಿಲ್ಲ. ಬಿಸಿಲು ಬರಲಿ, ಆಮೇಲೆ ನೋಡುತ್ತೇನೆ ಎಂದರು. ಆದರೆ ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಭಾನುವಾರ ಬಂದರೆ ಮೋಡ. ಮೂರೂ ಕಿಟಕಿಗಳು ತೊಳೆದ ಸ್ಲೇಟಿನ ಹಾಗೆ ಮಂಕು.

ಮೊಂತಿ ಹಬ್ಬದ ಬೆಳಿಗ್ಗೆಯೂ ಮೋಡವೇ. ಹೂ ಎರಚಿ ಆಯಿತು, ತೆನೆ ಆಶೀರ್ವಾದ ಆಯಿತು, ಪೂಜೆ ಶುರುವಾಯಿತು. ಪ್ರಸಂಗಕ್ಕೆ ನಿಂತ ಫಾದರ್ ಒಮ್ಮೆ ಕಿಟಕಿ ನೋಡಿದರು, ಮಾತು ಆರಂಭಿಸಿದರು. ಮರಿಯಮ್ಮನ ಹುಟ್ಟಿನಿಂದ ಹಿಡಿದರು. ಅಲ್ಲಿಂದ ಭತ್ತಕ್ಕೆ ಬಂದರು, ಭತ್ತದಿಂದ ಗೊಬ್ಬರಕ್ಕೆ, ಗೊಬ್ಬರದಿಂದ ನೆರೆಹೊರೆಯವರ ಬದುವಿನ ಜಗಳಕ್ಕೆ. ನಡುನಡುವೆ ಕಣ್ಣು ಕಿಟಕಿಯ ಕಡೆ. ಜನ ಮೊದಲು ಆಶ್ಚರ್ಯಪಟ್ಟರು, ಆಮೇಲೆ ಆಕಳಿಸಿದರು, ಆಮೇಲೆ ಕಬ್ಬಿನ ರಾಶಿಯ ಕಡೆ ನೋಡಿದರು. ಹಿಂದಿನ ಬೆಂಚಿನಿಂದ ಯಾರೋ, ಇವರಿಗೆ ಇವತ್ತು ಎಂತ ಆಯ್ತು ಮಾರಾಯ, ಮನೆಯಲ್ಲಿ ಎಲೆ ಬಾಡ್ತದೆ ಎಂದದ್ದು ನಮಗೂ ಕೇಳಿಸಿತು. ಫಾದರಿಗೂ ಕೇಳಿಸಿರಬೇಕು. ಅವರು ನಿಲ್ಲಿಸಲಿಲ್ಲ, ಮರಿಯಮ್ಮನಿಗೇ ವಾಪಸು ಹೋಗಿ ಮತ್ತೊಮ್ಮೆ ಹುಟ್ಟಿಸಿದರು. ಆಗ ಮೋಡ ಹರಿಯಿತು. ಒಮ್ಮೆಗೇ ನೆಲದ ಮೇಲೆ ಬಣ್ಣ ಚೆಲ್ಲಿತು. ಅಷ್ಟರಲ್ಲಿ ಬಿಸಿಲು ಸಾಕಷ್ಟು ಏರಿತ್ತು. ಕೆಂಪು, ಹಸಿರು ನಡು ದಾರಿಯನ್ನು ದಾಟಿ ಬಂದಿದ್ದವು, ಅವುಗಳ ನಡುವೆ ಒಂದು ಅಂಗೈ ಅಗಲದ ನೀಲಿ. ಫಾದರ್ ಮಾತನಾಡುತ್ತಲೇ ಇದ್ದರು. ನೀಲಿ ತೆವಳಿತು, ನಿಂತ ಹಾಗೆ ಕಂಡಿತು, ಮತ್ತೆ ತೆವಳಿತು. ಚಾಪೆಯ ಅಂಚಿಗೆ ಬಂತು. ಮಾಯ್ ಕೈ ಚಾಚಿ ಅದರಡಿಗೆ ಅಂಗೈ ಇಟ್ಟರು. ಅಂಗೈ ನೀಲಿಯಾಯಿತು. ಜೀವನದಲ್ಲಿ ಒಂದೇ ಒಂದು ಸಲ ಅವರು ಮೆಲ್ಲಗೆ ಮಾತನಾಡಿದ್ದನ್ನು ನಾನು ಕೇಳಿದ್ದು ಆಗ.

"ಬಂದ್ರಾ?"

ಮನೆಗೆ ಬಂದು ಎಂದಿನಂತೆ ಒಂದು ಎಲೆ ಹೆಚ್ಚು ಹಾಕಿದರು. ಹೊಸ ಅಕ್ಕಿಯ ಪಾಲು ಎಲ್ಲರಿಗೂ ಕೊಟ್ಟರು, ಕಂಚಿನ ಬಟ್ಟಲಿಗೂ ಹಾಕಿದರು. ಆಮೇಲೆ ಆ ಬಟ್ಟಲನ್ನು ಎತ್ತಿ ಪಪ್ಪನ ಮುಂದೆ ಇಟ್ಟರು.

"ತಿನ್ನು. ನಿನ್ನ ಅಪ್ಪನ ಪಾಲು. ಅವರು ಸತ್ತಿದ್ದಾರೆ, ಇನ್ನು ಇದು ನಿನ್ನದು."

ಪಪ್ಪ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು. ಸಂಜೆ ತೇರ್ಸಿನ ಕೊನೆಗೆ ಪ್ರಯಾಣದವರ ಪ್ರಾರ್ಥನೆ ಬಂದಾಗ ಮಾಯ್ ಕುವೈತಿನ ಮಾವನ ಹೆಸರು ಮಾತ್ರ ಹೇಳಿದರು. ಸತ್ತವರ ಪ್ರಾರ್ಥನೆಗೆ ಇಜಿದೋರ್ ಎಂದರು. ಪಪ್ಪನ ದನಿ ಎಲ್ಲರಿಗಿಂತ ಜೋರಾಗಿತ್ತು, ಗದ್ದೆಯಾಚೆಗೂ ಕೇಳಿಸಿರಬೇಕು. ನವೆಂಬರಿನಲ್ಲಿ ಅವರು ಕಿಟಕಿಯ ದಂಡೆಯಲ್ಲಿ ಬತ್ತಿ ಹಚ್ಚಿದರು, ಜೇಬಿನಲ್ಲಿ ಏನನ್ನೂ ವಾಪಸು ತರಲಿಲ್ಲ. ಕರಿಮಣಿ ಈಗಲಾದರೂ ತೆಗೆಯುತ್ತೀರಾ ಎಂದು ಯಾರೋ ಕೇಳಿದ್ದಕ್ಕೆ ಮಾಯ್, ಅವರು ಸತ್ತದ್ದು, ನನ್ನ ಮದುವೆ ಸತ್ತದ್ದಲ್ಲ ಎಂದು ಬಾಯಿ ಮುಚ್ಚಿಸಿದರು. ಆ ಮೊಂತಿ ಹಬ್ಬದ ದಿನ ಕಬ್ಬು ಹಂಚುವಾಗ ಫಾದರ್ ಬಂದು, ಪ್ರಸಂಗ ಸಾಕಾಯ್ತಾ ಅಮ್ಮ ಎಂದು ಕೇಳಿದ್ದರು. ಅದಕ್ಕೂ ಉತ್ತರ ಸಿದ್ಧವಿತ್ತು.

"ಪ್ರಸಂಗ ಏನೂ ಚೆನ್ನಾಗಿರ್ಲಿಲ್ಲ ಫಾದರ್. ಉದ್ದ ಚೆನ್ನಾಗಿತ್ತು."

ಮಾಯ್ ಹೋಗಿ ಬಹಳ ವರ್ಷವಾಯಿತು, ಕರಿಮಣಿಯ ಜೊತೆಯೇ ಹೋದರು. ಹಳೆಯ ಇಗರ್ಜಿ ಈಗ ಇಲ್ಲ, ಅದೇ ಜಾಗದಲ್ಲಿ ಹೊಸದು ಎದ್ದಿದೆ. ಕಟ್ಟುವಾಗ ಮೂರು ಕಿಟಕಿಗಳನ್ನು ಬಿಚ್ಚಿ ನಮ್ಮ ಮಿಲ್ಲಿನಲ್ಲೇ ಗೋಣಿ ಹೊದಿಸಿ ಇಟ್ಟಿದ್ದರು. ಅವುಗಳನ್ನು ಒಳಗೆ ಬಲಿಪೀಠದ ಹಿಂದೆ ಇಟ್ಟು, ಹಿಂದಿನಿಂದ ಲೈಟು ಹಾಕಿದರೆ ಇಡೀ ದಿನ ಹೊಳೆಯುತ್ತವೆ ಎಂದು ಯಾರೋ ವಾಟ್ಸಾಪಿನಲ್ಲಿ ಬರೆದರು. ಮೂವತ್ತು ಜನ ಹೆಬ್ಬೆಟ್ಟು ಎತ್ತಿದರು. ನಾನು ಅಲ್ಲಿ ಮಾಡಿದ ಜಗಳ ಓದಿದವರು ಈಗಲೂ ನನ್ನ ಜೊತೆ ಸ್ವಲ್ಪ ದೂರ ನಿಂತು ಮಾತನಾಡುತ್ತಾರೆ. ಲೈಟು ಇಟ್ಟಲ್ಲೇ ಕೂರುತ್ತದೆ, ಬಿಸಿಲು ನಡೆದು ಬರುತ್ತದೆ ಎಂದು ಬರೆದೆ. ಕಿಟಕಿಗಳು ಬೆಳಗಿನ ಗೋಡೆಗೇ ಹೋದವು. ಈಗ ಚಾಪೆ ಇಲ್ಲ, ಎಲ್ಲ ಬೆಂಚು. ಗಂಡಸರ ಬದಿ, ಹೆಂಗಸರ ಬದಿ ಎಂಬುದೂ ಇಲ್ಲ. ಪಪ್ಪ ಎಂಬತ್ತು ದಾಟಿದ್ದಾರೆ, ಮಿಲ್ಲು ತಮ್ಮನ ಕೈಯಲ್ಲಿದೆ. ಪಪ್ಪ ಕೋಲೂರಿಕೊಂಡು ಹೋಗಿ ಮೂರನೇ ಕಿಟಕಿಯ ಕೆಳಗಿನ ಬೆಂಚಿನಲ್ಲೇ ಕೂರುತ್ತಾರೆ. ಬೇರೆ ಯಾರಾದರೂ ಅಲ್ಲಿ ಕೂತರೆ ಮುಗಿಯಿತು ಅವರ ಕಥೆ. ಕಳೆದ ಭಾನುವಾರ ಪೂಜೆ ಮುಗಿದು ಹೊರಗೆ ಬರುವಾಗ ನನ್ನ ತೋಳು ಹಿಡಿದುಕೊಂಡು, ಅಂಗಳದವರಿಗೆಲ್ಲ ಕೇಳುವ ಹಾಗೆ ಹೇಳಿದರು.

"ಈಗಿನ ಪಾದ್ರಿಗಳ ಪ್ರಸಂಗ ತೀರಾ ಗಿಡ್ಡ ಆಯ್ತು ಬಾಯೆ. ನೀಲಿ ಬೆಂಚಿನವರೆಗೆ ಬರ್ಲಿಲ್ಲ."

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ತಡವಾದವರಿಗೆ ಪಾಲು ಎತ್ತಿಡುತ್ತಿದ್ದವರು ಯಾರು? ಅದನ್ನು ಕೊನೆಗೆ ತಿಂದವರು ಯಾರು? ಕೆಳಗೆ ಬರೆಯಿರಿ, ನಾನು ಪಪ್ಪನಿಗೆ ಓದಿ ಹೇಳುತ್ತೇನೆ. ಉದ್ದವಾದರೆ ಹೆದರಬೇಡಿ. ನಮ್ಮ ಮನೆಯವರಿಗೆ ಉದ್ದವೇ ಇಷ್ಟ.